ಸಿಂಬೊಪೋಗನ್ ಹುಲ್ಲುಗಳು: ಹರ್ಬೇರಿಯಂ ಹಾಳೆಯಲ್ಲಿ ಏನನ್ನು ನೋಡಬೇಕು?

ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ, ಪಾಮರೋಸಾ ಮೂರೂ ಸಿಂಬೊಪೋಗನ್ ಕುಲದವು. ಎಲೆ ಉಜ್ಜಿ ಮೂಸಿದರೆ ಸಾಕು, ಗುರುತು ಹಿಡಿಯಬಹುದು ಎಂಬ ಧೈರ್ಯ ನಮಗೆಲ್ಲ ಇರುತ್ತದೆ. ಆದರೆ ಒಂದೇ ಪ್ರಭೇದದ ಗಿಡಗಳಲ್ಲೂ ಎಣ್ಣೆಯ ಘಟಕಗಳು ಬದಲಾಗುವುದರಿಂದ ಮೂಗಿನ ತೀರ್ಪು ನಿಲ್ಲುವುದಿಲ್ಲ. ಹರ್ಬೇರಿಯಂನ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಡುವ ಸಂಗ್ರಹದ, ಹಳೆಯ ಹಾಳೆಗಳಲ್ಲಿ ಪರಿಮಳ ಬಹುಪಾಲು ಹಾರಿಹೋಗಿರುತ್ತದೆ. ಕಲಿಯುವವರಿಗೆ ಅದು ಒಳ್ಳೆಯದೇ ಎನ್ನುತ್ತೇನೆ, ಕಣ್ಣಿಗೆ ಕೆಲಸ ಸಿಗುತ್ತದೆ.

ಸಸ್ಯವಿಜ್ಞಾನಿ ಲಿನೇಯಸ್ ಈ ಹುಲ್ಲುಗಳನ್ನು ಆಂಡ್ರೊಪೋಗನ್ ಕುಲದಲ್ಲಿ ಇಟ್ಟಿದ್ದ. ಸ್ಪ್ರೆಂಗೆಲ್ 1815ರಲ್ಲಿ ಸಿಂಬೊಪೋಗನ್ ಕುಲವನ್ನು ಹೆಸರಿಸಿದ. ಭಾರತ ಮತ್ತು ಸಿಲೋನಿನ ಎಣ್ಣೆ ಹುಲ್ಲುಗಳ ಗೊಂದಲವನ್ನು ಬಿಡಿಸಲು 1906ರಲ್ಲಿ ಕೈಹಾಕಿದವನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆಟ್ಟೋ ಸ್ಟಾಪ್ಫ್.

ಈ ಕುಲದಲ್ಲಿ ಕಿರುತೆನೆಗಳು (ತೆನೆಯ ಪುಟ್ಟ ಘಟಕಗಳು) ಜೋಡಿಯಾಗಿರುತ್ತವೆ: ಒಂದು ತೊಟ್ಟಿಲ್ಲದ್ದು, ಇನ್ನೊಂದು ತೊಟ್ಟುಳ್ಳದ್ದು. ತೊಟ್ಟಿಲ್ಲದ ಕಿರುತೆನೆಯ ಕೆಳಗಿನ ಗ್ಲೂಮ್ (ಕಿರುತೆನೆಯ ಬುಡದ ಹೊಟ್ಟಿನಂಥ ಹೊದಿಕೆ) ಮೇಲೆಯೇ ನಿಮ್ಮ ಗಮನವಿರಲಿ. ಪಾಮರೋಸಾದಲ್ಲಿ (ಸಿಂಬೊಪೋಗನ್ ಮಾರ್ಟಿನಿ) ಅದರ ಕೆಳಭಾಗದ ನಡುವೆ ಆಳವಾದ ಗೀರು ಕಾಣುತ್ತದೆ. ಮಜ್ಜಿಗೆ ಹುಲ್ಲಿನಲ್ಲಿ ಅದು ಚಪ್ಪಟೆ, ಹೆಚ್ಚೆಂದರೆ ತುಸು ತಗ್ಗು. ಒಣಗಿದ ಕಿರುತೆನೆ ಪುಡಿಯಾಗುತ್ತದೆ. ಹರ್ಬೇರಿಯಂನ ಅನುಮತಿ ಪಡೆದು, ಒಂದೆರಡನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಲೆನ್ಸ್ ಕೆಳಗೆ ಬಿಡಿಸಿ.

ಎಲೆಯೂ ಸಾಕ್ಷಿ ಹೇಳುತ್ತದೆ. ಪಾಮರೋಸಾದ ಎಲೆಯ ಬುಡ ಹೃದಯಾಕಾರದಲ್ಲಿ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಸಿಟ್ರೊನೆಲ್ಲಾ ಹುಲ್ಲಾದ ಸಿಂಬೊಪೋಗನ್ ನಾರ್ಡಸ್‌ನ ಎಲೆಕವಚದ ಒಳಭಾಗ ಕೆಂಪು, ಮಜ್ಜಿಗೆ ಹುಲ್ಲಿನದು ಹಸಿರು. ತೆನೆಯನ್ನಷ್ಟೇ ಕತ್ತರಿಸಿ ತಂದ ಹಾಳೆಯಲ್ಲಿ ಇದೆಲ್ಲ ಸಿಗದು, ಆದ್ದರಿಂದ ಸಂಗ್ರಹಿಸುವಾಗ ಗಿಡವನ್ನು ಬುಡಸಮೇತ ತೆಗೆಯಿರಿ. ಕೃಷಿಯಲ್ಲಿ ಮಜ್ಜಿಗೆ ಹುಲ್ಲು ಹೂ ಬಿಡುವುದೇ ಅಪರೂಪ. ಬರೀ ಎಲೆಯಿರುವ ಅದರ ಹಾಳೆಗಳಿಗೆ ಅಂಟಿಸಿದ ಹೆಸರನ್ನು ಅನುಮಾನದಿಂದಲೇ ಓದಬೇಕು.

ಲೇಬಲ್ ಓದದೆ ಹಾಳೆ ಮುಚ್ಚಬೇಡಿ. ಪಾಮರೋಸಾದ ಪ್ರಭೇದನಾಮ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಜನರಲ್ ಕ್ಲಾಡ್ ಮಾರ್ಟಿನ್‌ನಿಂದ ಬಂದದ್ದು. ಟಿಪ್ಪು ಸುಲ್ತಾನನ ಮೇಲಿನ ದಂಡಯಾತ್ರೆಯಲ್ಲಿದ್ದಾಗ ಘಟ್ಟದ ಮೇಲಿನ ಸೀಮೆಯಲ್ಲಿ ಅವನು ಆರಿಸಿದ ಬೀಜದ ಸಂಗತಿಯನ್ನು ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ದಾಖಲಿಸಿದ್ದಾನೆ.

ಇದೇ ಪ್ರಭೇದದಲ್ಲಿ ಹಾಳೆಯ ಮಿತಿಯೂ ಬಯಲಾಗುತ್ತದೆ. ಮೋತಿಯಾ, ಸೋಫಿಯಾ ಎಂಬ ಇದರ ಎರಡು ಬಗೆಗಳ ಎಣ್ಣೆ ಬೇರೆ, ಬೆಲೆ ಬೇರೆ. ಒಣಗಿಸಿ ಅಂಟಿಸಿದ ಮೇಲೆ ರೂಪದಿಂದ ಅವನ್ನು ಬೇರ್ಪಡಿಸುವುದು ಬಲು ಕಷ್ಟ. ಹಾಗಾಗಿ ಹಸಿ ಎಲೆಯ ವಾಸನೆಯನ್ನು ಸಂಗ್ರಹಿಸುವಾಗಲೇ ಲೇಬಲ್‌ನಲ್ಲಿ ಬರೆದಿಡಿ.