ಕೀಲಿ ಯಾರ ಕೈಯಲ್ಲಿದೆ? ಕನ್ನಡದ ಸಮುದಾಯ ತಾಣಗಳ ಖರ್ಚು ಮತ್ತು ದುರಸ್ತಿಯ ಹಿನ್ನೆಲೆ

ಕನ್ನಡದ ಹಳೆಯ ಜಾಲತಾಣವೊಂದು ಇದ್ದಕ್ಕಿದ್ದಂತೆ ತೆರೆಯದೇ ಹೋದರೆ ಮೊದಲು ಕೇಳಿಬರುವ ಮಾತು ‘ಪಾಪ, ದುಡ್ಡು ಸಾಲಲಿಲ್ಲವೇನೋ’. ಎರಡನೆಯದು ‘ಸರ್ಕಾರ ಏನು ಮಾಡುತ್ತಿದೆ?’ ಎರಡರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಸ್ವಯಂಸೇವಕರು ನಡೆಸುವ ತಾಣದ ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ನೋಡಿದರೆ, ಬೆಂಗಳೂರಿನಲ್ಲಿ ಒಂದು ತಿಂಗಳ ಮನೆ ಬಾಡಿಗೆಯಷ್ಟೂ ಆಗುವುದಿಲ್ಲ. ಹಾಗಿದ್ದೂ ತಾಣಗಳು ನಿಂತವು. ಯಾಕೆ ನಿಂತವು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ, ಆಮೇಲೆ ‘ಬರಹ’ ಮತ್ತು ‘ನುಡಿ’ ಎಂಬ ಟೈಪಿಂಗ್ ತಂತ್ರಾಂಶಗಳ ಕಾಲ, 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಯೂನಿಕೋಡ್ ಕನ್ನಡ, 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಎಂಬ ಸಮುದಾಯ ತಾಣ. ಹತ್ತು ವರ್ಷದ ಕತೆ ಇಷ್ಟೇ ಸಾಲಿನಲ್ಲಿ ಮುಗಿಯುತ್ತದೆ. ಫಾಂಟ್ ಇಳಿಸಿಕೊಳ್ಳದೆ ಕನ್ನಡ ಓದಬಹುದು, ಯಾರು ಬೇಕಾದರೂ ಬರೆಯಬಹುದು ಎಂದಾದ ಮೇಲೆ ಕವಿತೆ, ಅಡುಗೆ, ತಂತ್ರಜ್ಞಾನ, ಜಗಳ ಎಲ್ಲವೂ ಒಂದೇ ಸೂರಿನಡಿ ಸೇರಿದವು. ಇವನ್ನು ನಡೆಸಿದವರಲ್ಲಿ ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ನೌಕರರು. ಹಗಲು ಕಂಪನಿಯ ಕೆಲಸ, ರಾತ್ರಿ ಹತ್ತರ ಮೇಲೆ ಕನ್ನಡದ ಕೆಲಸ.

ಆಗಿನ ವ್ಯವಸ್ಥೆ ಸರಳ. ಗೆಳೆಯರಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ಡೊಮೇನ್ (ತಾಣದ ವಿಳಾಸ) ಕೊಂಡರು, ತಮ್ಮದೇ ಕಾರ್ಡಿನಿಂದ ಶೇರ್ಡ್ ಹೋಸ್ಟಿಂಗ್ (ಹಲವು ತಾಣಗಳು ಹಂಚಿಕೊಳ್ಳುವ ಸರ್ವರಿನಲ್ಲಿ ಜಾಗ) ತೆಗೆದುಕೊಂಡರು. ‘ಅನ್‌ಲಿಮಿಟೆಡ್’ ಎಂದು ಬರೆದಿರುತ್ತಿದ್ದ ಆ ಯೋಜನೆಗಳಲ್ಲಿ ಜಾಗಕ್ಕೆ ಮಿತಿ ಇರದಿದ್ದರೂ ಪ್ರೊಸೆಸರ್ ಬಳಕೆಗೆ ಮಿತಿ ಇರುತ್ತಿತ್ತು. ಹಾಗಾಗಿ ಕನ್ನಡ ರಾಜ್ಯೋತ್ಸವದ ದಿನ ಓದುಗರು ಮುಗಿಬಿದ್ದಾಗಲೇ ತಾಣ ಮಲಗುತ್ತಿತ್ತು. ಮನೆಯಲ್ಲೇ ಯುಪಿಎಸ್ ಇಟ್ಟು ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿಕೊಂಡವರೂ ಇದ್ದರು. ಬೆಸ್ಕಾಂ ಕರೆಂಟನ್ನು ನಂಬಿ ಅದನ್ನು ಎಷ್ಟು ದಿನ ನಡೆಸಬಹುದು ಎಂಬುದನ್ನು ವಿವರಿಸಬೇಕಿಲ್ಲ.

ಜಾಹೀರಾತಿನಿಂದ ಖರ್ಚು ಹುಟ್ಟೀತು ಎಂಬ ಆಸೆಯೂ ಇತ್ತು. ಗೂಗಲ್ ಆಡ್‌ಸೆನ್ಸ್ ಹಿಂದಿ ಪುಟಗಳನ್ನು ಒಪ್ಪಿಕೊಂಡಿದ್ದೇ 2014ರ ಕೊನೆಯಲ್ಲಿ. ಕನ್ನಡದ ಸರದಿ ಬರಲು ಇನ್ನೂ ವರ್ಷಗಳು ಹಿಡಿದವು. ಅಷ್ಟರಲ್ಲಿ ಬರೆಯುವವರೂ ಓದುವವರೂ ಫೇಸ್‌ಬುಕ್ಕಿಗೆ ಹೋಗಿಯಾಗಿತ್ತು.

ಈಗಿನ ಲೆಕ್ಕ ನೋಡೋಣ. ದಿನಕ್ಕೆ ಕೆಲವು ಸಾವಿರ ಓದುಗರಿರುವ ತಾಣಕ್ಕೆ 2 ಜಿಬಿ ಮೆಮೊರಿಯ ಒಂದು ಕ್ಲೌಡ್ ಸರ್ವರ್ ಸಾಕು. ತಿಂಗಳಿಗೆ 12 ಡಾಲರ್. ವಾರಕ್ಕೊಮ್ಮೆ ಬ್ಯಾಕಪ್ ಬೇಕೆಂದರೆ ಅದರ ಮೇಲೆ ಶೇ. 20. ವಿದೇಶಿ ಆನ್‌ಲೈನ್ ಸೇವೆಗೆ ಶೇ. 18 ಜಿಎಸ್‌ಟಿ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಸುಮಾರು ಶೇ. 3.5. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 18 ಸಾವಿರದ ಹತ್ತಿರ, ಡೊಮೇನ್ ಸೇರಿ 19 ಸಾವಿರ. ಇನ್ನೂರು ಜನ ತಲಾ ನೂರು ರೂಪಾಯಿ ಕೊಟ್ಟರೆ ಮುಗಿಯಿತು. 2010ರಲ್ಲಿ ಡಾಲರ್ 45 ರೂಪಾಯಿಯ ಆಸುಪಾಸಿನಲ್ಲಿತ್ತು ಎಂಬುದನ್ನೂ ನೆನಪಿಡಬೇಕು. ಕಂಪನಿಗಳು ದರ ಏರಿಸದಿದ್ದರೂ ರೂಪಾಯಿಯಲ್ಲಿ ಬಿಲ್ಲು ಹೆಚ್ಚುಕಡಿಮೆ ಇಮ್ಮಡಿಯಾಗಿದೆ. 2016ರಲ್ಲಿ ಅಮೆಜಾನಿನ ಮುಂಬೈ ಕೇಂದ್ರ, ಡಿಜಿಟಲ್ ಓಷನ್‌ನ ಬೆಂಗಳೂರು ಕೇಂದ್ರ ಶುರುವಾದ ಮೇಲೆ ಪುಟಗಳು ಬೇಗ ತೆರೆದುಕೊಳ್ಳತೊಡಗಿದವು, ಆದರೆ ದರ ಲೆಕ್ಕವಾಗುವುದು ಡಾಲರಿನಲ್ಲೇ.

ಈ ಲೆಕ್ಕದಲ್ಲಿ ಕಾಣದ ಒಂದು ಖರ್ಚಿದೆ, ದುರಸ್ತಿ ಮಾಡುವವರ ಸಮಯ. ಕನ್ನಡದ ತಾಣಗಳು ಹೆಚ್ಚಾಗಿ ಸೋತಿದ್ದು ಅಲ್ಲೇ. 2014ರಿಂದ 2018ರ ನಡುವಿನ ವರ್ಷಗಳನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.

ಸಮುದಾಯ ತಾಣಗಳನ್ನು ಕಟ್ಟಲು ಆ ಕಾಲದಲ್ಲಿ ಬಹಳ ಮಂದಿ ಬಳಸಿದ್ದು ಡ್ರೂಪಲ್ ಎಂಬ ತಂತ್ರಾಂಶ. 2014ರ ಅಕ್ಟೋಬರ್ 15ರಂದು ಅದರ 7ನೇ ಆವೃತ್ತಿಯಲ್ಲಿದ್ದ ದೊಡ್ಡ ಭದ್ರತಾ ದೋಷವೊಂದನ್ನು ಪ್ರಕಟಿಸಿ, ತಿದ್ದುಪಡಿಯನ್ನೂ ಕೊಡಲಾಯಿತು. ಎರಡು ವಾರದ ನಂತರ ಬಂದ ಸೂಚನೆ ಹೀಗಿತ್ತು: ಪ್ರಕಟಣೆಯಾದ ಏಳು ತಾಸಿನೊಳಗೆ ತಿದ್ದುಪಡಿ ಹಾಕದ ತಾಣಗಳು ಹ್ಯಾಕ್ ಆಗಿವೆ ಎಂದೇ ತಿಳಿಯಿರಿ. ನಮ್ಮ ಗಡಿಯಾರದಲ್ಲಿ ಆ ಏಳು ತಾಸು ಎಂದರೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ಸಂಬಳ ಕೊಟ್ಟು ಪಾಳಿಯಲ್ಲಿ ಜನರನ್ನು ಕೂರಿಸಿದ ಸಂಸ್ಥೆಗಳೇ ತಡವರಿಸಿದ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಮಾಡುವವರು ಹೇಗೆ ಮಾಡಿಯಾರು?

2016ರ ಫೆಬ್ರವರಿಯಲ್ಲಿ ಡ್ರೂಪಲ್ 6ಕ್ಕೆ ಬೆಂಬಲ ನಿಂತಿತು. 8ನೇ ಆವೃತ್ತಿ ಬಹುಪಾಲು ಹೊಸದಾಗಿ ಬರೆದ ತಂತ್ರಾಂಶವಾಗಿದ್ದರಿಂದ ಹಳೆಯ ವಿನ್ಯಾಸ, ಕೈಯಾರೆ ಬರೆದ ಮಾಡ್ಯೂಲ್ ಯಾವುದೂ ಅಲ್ಲಿ ಓಡುವಂತಿರಲಿಲ್ಲ. 2018ರ ಕೊನೆಗೆ, ಇಂಥ ತಾಣಗಳನ್ನು ಓಡಿಸುವ ಪಿಎಚ್‌ಪಿ ಭಾಷೆಯ 5.6 ಆವೃತ್ತಿಗೂ ಬೆಂಬಲ ನಿಂತಿತು. ಹೋಸ್ಟಿಂಗ್ ಕಂಪನಿಗಳು ಅದನ್ನು ತೆಗೆದುಹಾಕುತ್ತಿದ್ದಂತೆ, ಯಾರೂ ಮುಟ್ಟದೆ ಬಿಟ್ಟಿದ್ದ ತಾಣಗಳಲ್ಲಿ ಬಿಳಿ ಪುಟ ಮಾತ್ರ ಉಳಿಯಿತು.

ಸ್ಥಳಾಂತರಕ್ಕೆ ಕೈಹಾಕಿದವರಿಗೆ ಕನ್ನಡದ್ದೇ ಆದ ಇನ್ನೊಂದು ತೊಡಕು ಕಾದಿತ್ತು. ಮೈಎಸ್‌ಕ್ಯೂಎಲ್ ಡೇಟಾಬೇಸ್ 2018ರಲ್ಲಿ ಬಂದ 8.0 ಆವೃತ್ತಿಯವರೆಗೂ ತಾನಾಗಿಯೇ ‘ಲ್ಯಾಟಿನ್1’ ಎಂಬ ಯುರೋಪಿನ ಅಕ್ಷರ ಸಂಕೇತವನ್ನು ಆರಿಸಿಕೊಳ್ಳುತ್ತಿತ್ತು. ಹಳೆಯ ತಂತ್ರಾಂಶಗಳಲ್ಲಿ ಹಲವು ಕನ್ನಡದ ಬೈಟುಗಳನ್ನು ಹಾಗೇ ಅದರೊಳಗೆ ತುಂಬಿ, ಹಾಗೇ ಹೊರತೆಗೆಯುತ್ತಿದ್ದವು. ಹಾಗಾಗಿ ಪುಟದಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು, ದೋಷ ವರ್ಷಗಟ್ಟಲೆ ಗೊತ್ತಾಗಲಿಲ್ಲ. ಹೊಸ ಸರ್ವರಿಗೆ ಸಾಗಿಸಿದ ದಿನ ಮಾತ್ರ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ತುಂಬಿಕೊಂಡವು. ಇದಕ್ಕೆ ಮದ್ದಿದೆ. ಡೇಟಾವನ್ನು ಹೊರತೆಗೆಯುವಾಗ ಸಂಕೇತ ಲ್ಯಾಟಿನ್1 ಎಂದೇ ಹೇಳಿ ಬೈಟುಗಳು ಬದಲಾಗದಂತೆ ನೋಡಿಕೊಳ್ಳಬೇಕು. ಆ ಕಡತದೊಳಗಿನ ಲ್ಯಾಟಿನ್1 ಘೋಷಣೆಗಳನ್ನೆಲ್ಲ ಕನ್ನಡವನ್ನೂ ಬಲ್ಲ ‘ಯುಟಿಎಫ್8ಎಂಬಿ4’ ಸಂಕೇತ ಎಂದು ತಿದ್ದಿ, ಆಮೇಲೆ ಹೊಸ ಡೇಟಾಬೇಸಿಗೆ ತುಂಬಬೇಕು. ತುಂಬುವ ಮೊದಲು ಕಡತವನ್ನು ತೆರೆದು ಒಂದು ಗೊತ್ತಿರುವ ಕನ್ನಡ ಪದವನ್ನು ಹುಡುಕಿ. ಸಿಕ್ಕರೆ ಸರಿ. ಸಿಗದಿದ್ದರೆ ಮುಂದುವರಿಯಬೇಡಿ, ಏಕೆಂದರೆ ಎರಡು ಸಲ ಕೆಟ್ಟ ಪಠ್ಯವನ್ನು ಬಿಡಿಸುವುದು ಬಹಳ ಕಷ್ಟ.

ಮದ್ದಿಲ್ಲದ ನಷ್ಟವೂ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ‘ಕನ್ನಡ’ ಎಂಬ ಪದದ ಐದು ಸಂಕೇತಕ್ಕೇ (ಕ, ನ, ಹಲಂತ, ನ, ಡ) 15. ಲ್ಯಾಟಿನ್1ರ 255 ಅಕ್ಷರದ ಶೀರ್ಷಿಕೆಯ ಖಾನೆಯಲ್ಲಿ ಹಿಡಿದಿದ್ದು 85 ಕನ್ನಡ ಸಂಕೇತ ಮಾತ್ರ. ಸ್ವರಚಿಹ್ನೆ, ಒತ್ತು, ಜಾಗ ಬಿಡುವುದು ಎಲ್ಲ ಸೇರಿ ಹತ್ತು ಹನ್ನೆರಡು ಪದವಾದರೆ ಆ ಮಿತಿ ಮುಗಿಯುತ್ತದೆ. ಉದ್ದದ ಶೀರ್ಷಿಕೆಗಳು ಬರೆದ ದಿನವೇ ತುಂಡಾಗಿ ಸೇರಿದ್ದವು.

ಇಷ್ಟೆಲ್ಲ ಮಾಡಿದವರೂ ಎಡವಿದ್ದು ಬ್ಯಾಕಪ್‌ನಲ್ಲಿ. ಡೇಟಾಬೇಸಿನ ಪ್ರತಿ ಇರುತ್ತಿತ್ತು, ಚಿತ್ರಗಳ ಫೋಲ್ಡರ್ ಇರುತ್ತಿರಲಿಲ್ಲ. ಅಥವಾ ಎರಡೂ ಇದ್ದು, ಇದ್ದಿದ್ದು ಅದೇ ಸರ್ವರಿನಲ್ಲಿ. ಬ್ಯಾಕಪ್ ತೆಗೆಯುವುದಕ್ಕಿಂತ ಅದರಿಂದ ತಾಣವನ್ನು ಬೇರೆ ಯಂತ್ರದಲ್ಲಿ ಮತ್ತೆ ಎಬ್ಬಿಸಿ ನೋಡುವುದು ಮುಖ್ಯ. ಆರು ತಿಂಗಳಿಗೊಮ್ಮೆ ಇದನ್ನು ಮಾಡಿದ ತಂಡಗಳು ಬೆರಳೆಣಿಕೆಯಷ್ಟೇ ಎಂದರೆ ಯಾರೂ ಬೇಸರ ಮಾಡಿಕೊಳ್ಳಲಾರರು.

ಇನ್ನು ಹಣ ಪಾವತಿ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ವಿದೇಶಿ ಕಂಪನಿಗಳಿಗೆ ಹೋಗುತ್ತಿದ್ದ ಹಳೆಯ ಆಟೋಪೇಗಳು ಸದ್ದಿಲ್ಲದೆ ವಿಫಲವಾಗತೊಡಗಿದವು. ನಿಯಮದ ಉದ್ದೇಶ ಒಳ್ಳೆಯದೇ, ಆದರೆ ‘ಕಾರ್ಡ್ ಹಾಕಿದ್ದೀನಲ್ಲ, ಅದೇ ನಡೆಯುತ್ತೆ’ ಎಂದುಕೊಂಡಿದ್ದವರ ಪಾಲಿಗೆ ಅದು ಒಂದೇ ತಿಂಗಳಲ್ಲಿ ಬುಡ ಅಲ್ಲಾಡಿಸಿತು. ಪ್ರತಿ ಸಲವೂ ಒಬ್ಬರು ಕೂತು ಓಟಿಪಿ ಹಾಕಿ ಕಟ್ಟುವಂತಾಯಿತು. ಆ ಓಟಿಪಿ ಬರುವುದು ಕಾರ್ಡ್ ಯಾರದೋ ಅವರ ಫೋನಿಗೆ. ಬೆಂಗಳೂರಿನ ಇಂಜಿನಿಯರುಗಳು ಆನ್‌ಸೈಟ್ ಎಂದು ಹೊರಟು ಅಮೆರಿಕದಲ್ಲೇ ನೆಲೆಸುವುದು ಹೊಸತಲ್ಲ. ಇಲ್ಲಿನ ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ, 20 ರೂಪಾಯಿ ಬ್ಯಾಲೆನ್ಸೂ ಇಲ್ಲದೆ ಬಿಟ್ಟರೆ ಆ ನಂಬರು ಮುಂದೆ ಇನ್ನೊಬ್ಬರ ಪಾಲಾಗಬಹುದು. ಅಲ್ಲಿಗೆ ಡೊಮೇನ್ ಖಾತೆಯ ಬಾಗಿಲು ಮುಚ್ಚಿದಂತೆ.

ಡಾಟ್ ಕಾಮ್ ಡೊಮೇನಿನ ಅವಧಿ ಮುಗಿದರೆ ಅದು ಅಂದೇ ಕೈಬಿಡುವುದಿಲ್ಲ. ಮೊದಲು ಹೆಚ್ಚೆಂದರೆ 45 ದಿನ ಮಾಮೂಲಿ ದರದಲ್ಲೇ ನವೀಕರಿಸಬಹುದು, ಆದರೂ ಇದು ನೋಂದಣಿ ಕಂಪನಿಯ ಮರ್ಜಿ. ಆಮೇಲಿನ 30 ದಿನ ಬಿಡಿಸಿಕೊಳ್ಳಲು ಹಲವು ಪಟ್ಟು ಹಣ ತೆರಬೇಕು. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆರನೆಯ ದಿನ ಅದನ್ನು ಹಿಡಿಯಲು ಯಂತ್ರಗಳು ಕಾದು ಕೂತಿರುತ್ತವೆ. ವರ್ಷಗಳಿಂದ ಬೇರೆ ತಾಣಗಳು ಕೊಂಡಿ ಕೊಟ್ಟಿರುವ ಹೆಸರಿಗೆ ಜೂಜಿನ ಜಾಹೀರಾತಿನವರು ಒಳ್ಳೆಯ ಬೆಲೆ ಕಟ್ಟುತ್ತಾರೆ. ಕನ್ನಡದ ಪದವೊಂದು ಜೂಜಿನ ಪುಟದ ವಿಳಾಸವಾಗುವುದು ಹೀಗೆ. ನೆನಪಿನ ಇಮೇಲ್ ಬರುವುದಿಲ್ಲವೇ ಎಂದರೆ, ಅವಧಿಗೆ ತಿಂಗಳ ಮುಂಚೆ, ವಾರದ ಮುಂಚೆ, ಮುಗಿದ ಮೇಲೆ ಇನ್ನೊಮ್ಮೆ ಬರುತ್ತದೆ. ಅದು ಒಬ್ಬರ ಹಳೆಯ ಇಮೇಲಿಗೆ ಹೋದರೆ ಕಾಣುವವರಿಲ್ಲ, ಇಡೀ ಗುಂಪಿನ ಇಮೇಲಿಗೆ ಹೋದರೆ ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ.

ಹಾಗಾದರೆ ಸಂಸ್ಥೆ ಕಟ್ಟಿದರೆ? ದೇಣಿಗೆಯನ್ನು ಒಬ್ಬರ ಉಳಿತಾಯ ಖಾತೆಗೆ ಯುಪಿಐ ಮೂಲಕ ಪಡೆಯುವುದು ಸುಲಭ, ಶುಲ್ಕವೂ ಇಲ್ಲ. ಆದರೆ ಬಂಧುಗಳಲ್ಲದವರಿಂದ ವರ್ಷಕ್ಕೆ ಬಂದ ಹಣ 50 ಸಾವಿರ ದಾಟಿದರೆ ಅದಷ್ಟೂ ಆ ಖಾತೆದಾರರ ಸ್ವಂತ ಆದಾಯದಂತೆ ತೆರಿಗೆಗೆ ಬರುತ್ತದೆ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಟ್ರಸ್ಟಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಯುತ್ತದೆ. ದಾನಿಗಳಿಗೆ ‘80ಜಿ’ ಎಂದೇ ಪರಿಚಿತವಾದ ತೆರಿಗೆ ವಿನಾಯಿತಿ ಕೊಡಬೇಕೆಂದರೆ 2021ರಿಂದ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ಪಟ್ಟಿ, ತಡವಾದರೆ ದಿನಕ್ಕೆ 200 ರೂಪಾಯಿ. ಎಷ್ಟೋ ಸಲ ಆಡಿಟರ್ ಫೀಸೇ ಸರ್ವರ್ ಬಿಲ್ಲನ್ನು ಮೀರುತ್ತದೆ.

ಹೊರದೇಶದ ಕನ್ನಡಿಗರ ನೆರವಿಗೂ ಒಂದು ಗೆರೆ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಿಸಿದ ಒಸಿಐ ಕಾರ್ಡಿನವರು ಕೊಟ್ಟರೆ ಹೌದು. ಅದನ್ನು ಪಡೆಯಲು ಬೇಕಾದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ನೋಂದಣಿಗೆ ಮೂರು ವರ್ಷ ಹಳೆಯ ಸಂಸ್ಥೆಯಾಗಿರಬೇಕು, ಆ ಅವಧಿಯಲ್ಲಿ ತನ್ನ ಉದ್ದೇಶಗಳಿಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ವರ್ಷಕ್ಕೆ 19 ಸಾವಿರ ಖರ್ಚಿನ ತಾಣ ಆ ಗೆರೆ ದಾಟಲು ಸುಮಾರು ಎಂಬತ್ತು ವರ್ಷದ ಖರ್ಚನ್ನು ಮೂರೇ ವರ್ಷದಲ್ಲಿ ಮಾಡಬೇಕು! ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೂ ಸಂಸ್ಥೆಗೆ ನೋಂದಣಿ ಬೇಕು, ಕೊಡುವವರು ಕೇಳುವುದು ಹೊಸ ಯೋಜನೆ. ‘ಇರುವುದನ್ನೇ ಇನ್ನೊಂದು ವರ್ಷ ನಡೆಸುತ್ತೇವೆ’ ಎಂಬ ಅರ್ಜಿಗೆ ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಇಡಲಾಗುವುದಿಲ್ಲವಲ್ಲ.

ಈಚಿನ ವರ್ಷಗಳಲ್ಲಿ ಹೊರೆ ಇನ್ನಷ್ಟು ಸೇರಿದೆ. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿ ಮಾಡಿದ್ದರಿಂದ ಕಳಿಸಿದವರು ಅಸಲಿ ಎಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಹೊಂದಿಸದ ತಾಣದ ಇಮೇಲ್ ತಲುಪುವುದೇ ಅನುಮಾನ. ಪಾಸ್‌ವರ್ಡ್ ಮರೆತ ಹಳೆಯ ಸದಸ್ಯರು ಒಳಗೆ ಬರಲಾಗದೆ ಸುಮ್ಮನಾಗುತ್ತಾರೆ, ದೂರು ಕೊಡಲು ಲಾಗಿನ್ ಆಗಬೇಕಲ್ಲ! ಉಚಿತ ಭದ್ರತಾ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್, ಅವಧಿ ಮುಗಿಯುವ ಮುನ್ನ ಕಳಿಸುತ್ತಿದ್ದ ಎಚ್ಚರಿಕೆಯ ಇಮೇಲನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಎಐ ಮಾದರಿಗಳಿಗೆ ಪಠ್ಯ ಬಾಚುವ ಬಾಟ್‌ಗಳದ್ದು (ತಾವಾಗಿಯೇ ಪುಟ ಓದುವ ತಂತ್ರಾಂಶಗಳದ್ದು) ಬೇರೆ ಕಾಟ. ವಿಕಿಮೀಡಿಯದಂಥ ಸಂಸ್ಥೆಯೇ ತನ್ನ ಅತಿ ದುಬಾರಿ ಕೋರಿಕೆಗಳಲ್ಲಿ ಶೇ. 65 ಬಾಟ್‌ಗಳಿಂದ ಬರುತ್ತಿವೆ ಎಂದು 2025ರಲ್ಲಿ ಹೇಳಿತು. ಹತ್ತು ವರ್ಷದ ಹಿಂದಿನ ಪುಟಗಳನ್ನೆಲ್ಲ ಒಟ್ಟಿಗೆ ಕೇಳಿದಾಗ 2 ಜಿಬಿ ಸರ್ವರ್ ಕುಸಿಯುತ್ತದೆ. ಲಾಗಿನ್ ಆಗದವರಿಗೆ ಮೊದಲೇ ಸಿದ್ಧಪಡಿಸಿಟ್ಟ ಪುಟವನ್ನೇ ಕೊಡುವಂತೆ ಕ್ಯಾಶ್ (cache) ಹೊಂದಿಸಿದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಇಷ್ಟರ ನಡುವೆಯೂ ಉಳಿದ ತಾಣಗಳಲ್ಲಿ ಕಾಣುವುದು ದೊಡ್ಡ ನಿಧಿಯಲ್ಲ, ಎರಡನೆಯ ವ್ಯಕ್ತಿ. ಡೊಮೇನ್, ಸರ್ವರ್, ಡಿಎನ್‌ಎಸ್ (ವಿಳಾಸವನ್ನು ಸರ್ವರಿಗೆ ಜೋಡಿಸುವ ವ್ಯವಸ್ಥೆ), ಇಮೇಲ್, ಬ್ಯಾಕಪ್ ಈ ಐದೂ ಖಾತೆಗಳಿಗೆ ಕನಿಷ್ಠ ಇಬ್ಬರಿಗೆ ಪ್ರವೇಶ, ಎರಡು ಹಂತದ ಭದ್ರತೆಗೆ ಫೋನ್ ನಂಬರಿನ ಬದಲು ಆ್ಯಪ್, ಅದರ ರಿಕವರಿ ಕೋಡ್‌ಗಳು ಕಾಗದದ ಮೇಲೆ ಇಬ್ಬರ ಮನೆಯಲ್ಲಿ. ಡೊಮೇನನ್ನು ಒಮ್ಮೆಲೇ ಹತ್ತು ವರ್ಷಕ್ಕೆ ಕಟ್ಟಿಬಿಡಬಹುದು. ಅದನ್ನು ವ್ಯಕ್ತಿಯ ಹೆಸರಿನಿಂದ ಟ್ರಸ್ಟಿನ ಹೆಸರಿಗೆ ಬದಲಿಸಿದ ಮೇಲೆ ಸಾಮಾನ್ಯವಾಗಿ 60 ದಿನ ಬೇರೆ ಕಂಪನಿಗೆ ವರ್ಗಾಯಿಸಲಾಗದು. ಆದ್ದರಿಂದ ಈ ಕೆಲಸವನ್ನು ಅವಧಿ ಮುಗಿಯುವ ಹೊತ್ತಿಗೆ ಇಟ್ಟುಕೊಳ್ಳಬಾರದು.

ನಡೆಸಲಾಗದು ಎಂದು ತೀರ್ಮಾನಿಸುವ ತಂಡಗಳಿಗೂ ಮರ್ಯಾದೆಯ ದಾರಿ ಇದೆ. ಲಾಗಿನ್ ಮುಚ್ಚಿ, ಸದಸ್ಯರ ಇಮೇಲ್, ಪಾಸ್‌ವರ್ಡ್ ಅಳಿಸಿ, ಇಡೀ ತಾಣವನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಇಳಿಸಿಟ್ಟರೆ ಡೇಟಾಬೇಸೂ ಬೇಡ, ಪಿಎಚ್‌ಪಿಯೂ ಬೇಡ, ಹ್ಯಾಕ್ ಆಗಲು ಹೆಚ್ಚೇನೂ ಉಳಿಯುವುದಿಲ್ಲ. ಉಚಿತ ಹೋಸ್ಟಿಂಗ್ ಸಿಕ್ಕರೆ ಖರ್ಚು ಡೊಮೇನಿನದಷ್ಟೇ. ಇಳಿಸುವಾಗ ಒಂದು ಎಚ್ಚರಿಕೆ: ಕನ್ನಡ ಶೀರ್ಷಿಕೆಯ ವಿಳಾಸಗಳು ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗಿದರೆ ಒಂದೊಂದು ಸಂಕೇತಕ್ಕೆ ಒಂಬತ್ತು ಅಕ್ಷರ ಬೇಕು, ಲಿನಕ್ಸಿನಲ್ಲಿ ಕಡತದ ಹೆಸರಿಗೆ ಮಿತಿ 255 ಬೈಟು. 28 ಸಂಕೇತ ದಾಟಿದ ಹೆಸರುಗಳು ನಡುವೆ ತುಂಡಾಗಿ ಕೊಂಡಿಗಳು ಮುರಿಯುತ್ತವೆ. ಕಡತಗಳನ್ನು ಬರಹದ ಕ್ರಮಸಂಖ್ಯೆಯ ಹೆಸರಿನಲ್ಲೇ ಉಳಿಸಿ, ಹಳೆಯ ವಿಳಾಸದಿಂದ ಅಲ್ಲಿಗೆ ಕಳಿಸುವ ಪಟ್ಟಿಯನ್ನು ಸರ್ವರಿನಲ್ಲಿ ಬೇರೆಯಾಗಿ ಇಡಬೇಕು.