ಮೂರು ಹೋಲ್ ಸರಿದವು, ನಾಲ್ಕನೆಯದು ಅಲ್ಲೇ ನಿಂತಿತು

ನಮ್ಮ ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಕಾರ್ಖಾನೆಗಳು ಬಹಳ. ಅಂಥ ಒಂದು ಕಡೆ ನಾನು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಡಿಸೈನ್ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. 50 ಎಂಎಂ ವಾಲ್ವಿನ ಫ್ಲ್ಯಾಂಜ್, ಅಂದರೆ ಪೈಪಿಗೆ ಬೋಲ್ಟ್ ಹಾಕಿ ಕೂಡಿಸುವ ದುಂಡು ಪ್ಲೇಟ್, ಅದರ ಡ್ರಾಯಿಂಗ್ ಇತ್ತು, 40ರದ್ದು ಬೇಕಾಗಿತ್ತು. ಪಿಎನ್ 16 ಎಂಬ ಒತ್ತಡದ ದರ್ಜೆಯಲ್ಲಿ ಎರಡಕ್ಕೂ 18 ಎಂಎಂನ ನಾಲ್ಕು ಹೋಲ್. ಹೊರಗಿನ ಡಯಾ 165 ಇದ್ದದ್ದು 150 ಆಗಬೇಕು. ಪಿಸಿಡಿ, ಅಂದರೆ ಬೋಲ್ಟ್ ಹೋಲ್‌ಗಳ ಸೆಂಟರ್ ಕೂರುವ ವೃತ್ತ, 125ರಿಂದ 110ಕ್ಕೆ ಇಳಿಯಬೇಕು. ಎರಡು ಅಂಕಿ ಬದಲಿಸಿ ಕೊಟ್ಟೆ. ಪ್ಲೇಟ್ ಡ್ರಿಲ್ ಆಗಿ ಬಂತು. ಮೂರು ಬೋಲ್ಟ್ ಕೂತವು, ನಾಲ್ಕನೆಯದು ಕೂರಲಿಲ್ಲ.

ಆ ನಾಲ್ಕನೇ ಹೋಲ್ ಪಿಸಿಡಿ ಮೇಲೆ ಇದ್ದಂತೆ ಕಾಣುತ್ತಿತ್ತು, ಅಷ್ಟೇ. ಅದನ್ನು ವೃತ್ತಕ್ಕೆ ಯಾರೂ ಕಟ್ಟಿರಲಿಲ್ಲ. ವೃತ್ತ ಸಣ್ಣದಾದಾಗ ಉಳಿದ ಮೂರು ಒಳಗೆ ಸರಿದವು, ಇದು ಹಳೆಯ ಜಾಗದಲ್ಲೇ ನಿಂತಿತು. ಅಲ್ಲಿ ನಿಂತರೂ ಹೋಲಿನಿಂದ ಪ್ಲೇಟಿನ ಅಂಚಿಗೆ ಇನ್ನೂ 3.5 ಎಂಎಂ ಇತ್ತು. ಹಾಗಾಗಿ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಸ್ಕೆಚ್ಚಿನಲ್ಲಿ ಕಾಣುವುದು ಬೇರೆ, ಕಟ್ಟಿರುವುದು ಬೇರೆ. ಆ ಕಟ್ಟಿಗೇ ಕನ್‌ಸ್ಟ್ರೈಂಟ್ ಎನ್ನುತ್ತೇವೆ.

ಒಂದು ಆಯತ ತೆಗೆದುಕೊಳ್ಳಿ. ಒಂದು ಗೆರೆಗೆ ಎರಡು ತುದಿ. ಒಂದೊಂದು ತುದಿಯೂ ಅಡ್ಡಕ್ಕೆ, ಮೇಲಕ್ಕೆ ಸರಿಯಬಹುದು. ಅಲ್ಲಿಗೆ ಗೆರೆಗೆ ನಾಲ್ಕು ಬಿಡುವು, ನಾಲ್ಕು ಗೆರೆಗೆ 16. ಮೂಲೆಗಳನ್ನು ಕೋಇನ್ಸಿಡೆಂಟ್ ಮಾಡಿದರೆ, ಅಂದರೆ ಎರಡು ತುದಿಯನ್ನು ಒಂದೇ ಬಿಂದುವಿಗೆ ಕೂಡಿಸಿದರೆ, ಮೂಲೆಗೆ ಎರಡರಂತೆ 8 ಹೋದವು. ಆದರೂ ಅದು ಆಯತವಲ್ಲ. ಕೀಲು ಸಡಿಲಾದ ಹೊರಸಿನ ಹಾಗೆ ಎಳೆದ ಕಡೆ ವಾಲುತ್ತದೆ. ಎರಡು ಗೆರೆಗೆ ಹಾರಿಜಾಂಟಲ್, ಎರಡಕ್ಕೆ ವರ್ಟಿಕಲ್ ಕೊಡಿ. ಇನ್ನು ನಾಲ್ಕು ಉಳಿಯಿತು. ಉದ್ದ, ಅಗಲದ ಅಳತೆ ಕೊಟ್ಟರೆ ಎರಡು. ಒಂದು ಮೂಲೆಯನ್ನು ಒರಿಜಿನ್‌ಗೆ, ಅಂದರೆ ಸ್ಕೆಚ್ಚಿನ ಅಲುಗದ ಮೂಲ ಬಿಂದುವಿಗೆ, ಕಟ್ಟಿದರೆ ಸೊನ್ನೆ. ಸಾಲಿಡ್‌ವರ್ಕ್ಸ್ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಆಗ ನೀಲಿ ಗೆರೆ ಕಪ್ಪಾಗುತ್ತದೆ, ಫ್ರೀಕ್ಯಾಡ್ ಎಂಬುದರಲ್ಲಿ ಹಸಿರಾಗುತ್ತದೆ.

ಇಲ್ಲಿ ಅಳತೆ ಕೊನೆಗೆ ಬಂತು, ಗಮನಿಸಿದಿರಾ? ಕಲಿಯುವವರು ಜಾಸ್ತಿ ಉಲ್ಟಾ ಮಾಡುತ್ತಾರೆ. ಬರೆದ ಕೂಡಲೇ ಎಲ್ಲ ಕಡೆ ಅಂಕಿ ತುಂಬುತ್ತಾರೆ. ಎರಡು ಹೋಲ್‌ಗೆ 18, 18 ಎಂದು ಬರೆದರೆ ಇವತ್ತಿಗೆ ಅವು ಸಮ. ನಾಳೆ ಒಂದನ್ನು 22 ಮಾಡಿದರೆ ಇನ್ನೊಂದು ಅಲ್ಲೇ ಉಳಿಯುತ್ತದೆ. ಈಕ್ವಲ್ ಹಾಕಿದ್ದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಅಂಕಿ ಇವತ್ತಿನ ಅಳತೆ ಹೇಳುತ್ತದೆ. ಏನು ಬದಲಾದರೂ ಇವು ಸಮ ಇರಬೇಕು ಅನ್ನುವ ಮಾತನ್ನು ಈಕ್ವಲ್ ಹೇಳುತ್ತದೆ.

ಕಟ್ಟು ಜಾಸ್ತಿಯಾದರೂ ಕಷ್ಟ. ಫ್ಲ್ಯಾಂಜಿನ ಹೋಲ್‌ಗಳು ಸೆಂಟರ್ ಲೈನಿನ ಮೇಲೆ ಕೂರುವುದಿಲ್ಲ, ಅದರ ಎರಡೂ ಬದಿಗೆ ಸಮವಾಗಿ ಕೂರುತ್ತವೆ. ಹಾಗಾಗಿ ಇಲ್ಲಿ ಸಿಮೆಟ್ರಿ ಬಳಸುವುದು ಸಹಜ. ಮೊನ್ನೆ ನಮ್ಮ ಟ್ರೈನಿ ಹುಡುಗಿ ಕರೆದಳು: "ಸರ್, ಮೂರು ಸಿಮೆಟ್ರಿ ತಗೋತು, ನಾಲ್ಕನೇದಕ್ಕ ಎರರ್ ತೋರಸಾಕತ್ತೈತ್ರಿ." ಅವಳ ತಪ್ಪೇನೂ ಇಲ್ಲ. ಒಂದನೇ ಹೋಲಿಗೆ ಎರಡನೆಯದು, ಎರಡಕ್ಕೆ ಮೂರು, ಮೂರಕ್ಕೆ ನಾಲ್ಕು ಸಮ ಎಂದಾಗಲೇ ನಾಲ್ಕು ಮತ್ತು ಒಂದು ತಾವಾಗಿಯೇ ಸಮ ಆಗಿರುತ್ತವೆ. ಹೇಳಿದ್ದನ್ನೇ ಮತ್ತೆ ಹೇಳಿದ್ದಕ್ಕೆ ಸಾಫ್ಟ್‌ವೇರ್ ತಡೆಯಿತು. ಅಂಥ ಹೊತ್ತಲ್ಲಿ ಸಿಕ್ಕಿದ್ದನ್ನು ಡಿಲೀಟ್ ಮಾಡಬೇಡಿ, ಕೊನೆಗೆ ಹಾಕಿದ್ದನ್ನು ತೆಗೆಯಿರಿ. ನಾನಾದರೆ ಈಗ ಒಂದೇ ಹೋಲ್ ಬರೆದು, ಉಳಿದ ಮೂರನ್ನು ಸರ್ಕ್ಯುಲರ್ ಪ್ಯಾಟರ್ನ್‌ಗೆ, ಅಂದರೆ ಒಂದನ್ನೇ ವೃತ್ತದ ಸುತ್ತ ನಕಲು ಮಾಡುವ ಕಮಾಂಡಿಗೆ, ಬಿಡುತ್ತೇನೆ. ಸ್ಕೆಚ್ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು.

ಇದು ಹೊಸ ವಿಚಾರವೇನಲ್ಲ. 1963ರಲ್ಲಿ ಎಂಐಟಿಯ ಐವನ್ ಸದರ್‌ಲ್ಯಾಂಡ್ ಮಾಡಿದ ಸ್ಕೆಚ್‌ಪ್ಯಾಡ್ ಎಂಬ ಡ್ರಾಯಿಂಗ್ ಪ್ರೋಗ್ರಾಮಿನಲ್ಲೇ ಕನ್‌ಸ್ಟ್ರೈಂಟ್ ಇತ್ತು. ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಬಂದದ್ದು ಮಾತ್ರ 2010ರ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಆಟೋಕ್ಯಾಡ್ ಕಲಿತ ಹಿರಿಯರು ಬಹಳ ಜನ ಇದ್ದಾರೆ. ಅವರ ಗೆರೆ ಕರಾರುವಾಕ್ಕು, ಆದರೆ ಕಟ್ಟು ಇರುವುದಿಲ್ಲ. ಅಂಥ ಫೈಲ್ ಕೈಗೆ ಬಂದರೆ ಅದರಲ್ಲಿ ಅಂಕಿ ತಿದ್ದಲು ಹೋಗಬೇಡಿ, ಹೊಸದಾಗಿ ಸ್ಕೆಚ್ ಮಾಡಿ.

ಡ್ರಾಯಿಂಗನ್ನು ವರ್ಕ್‌ಶಾಪ್‌ಗೆ ಕೊಡುವ ಮುಂಚೆ ನಾನು ಎರಡು ಕೆಲಸ ಮಾಡುತ್ತೇನೆ. ಒಂದೊಂದು ಮೂಲೆ, ಒಂದೊಂದು ಸೆಂಟರ್ ಹಿಡಿದು ಮೌಸ್‌ನಿಂದ ಎಳೆದು ನೋಡುತ್ತೇನೆ. ಯಾವುದೂ ಅಲುಗಾಡಬಾರದು. ಆಮೇಲೆ ಪಿಸಿಡಿಯನ್ನು ಸುಮ್ನೆ 110ರಿಂದ 145ಕ್ಕೆ ಏರಿಸುತ್ತೇನೆ. ನಾಲ್ಕೂ ಹೋಲ್ ಹೊರಗೆ ಸರಿಯಬೇಕು. ಸರಿದವು ಅಂದರೆ ಕಂಟ್ರೋಲ್ ಝಡ್ ಒತ್ತಿ 110ಕ್ಕೆ ತಂದು, ಆಮೇಲೆ ಸೇವ್ ಮಾಡುತ್ತೇನೆ.