ಇಂಡೊನೇಷ್ಯಾದಲ್ಲಿ ಒಂದು ಸೆಮಿಸ್ಟರ್: ಇಂಗ್ಲಿಷ್ ಒಂದರಿಂದಲೇ ನಡೆದೀತೇ?

ಪ್ರಶ್ನೆ: ನನ್ನ ಮಗಳು ಪದವಿಯ ಮೂರನೆಯ ವರ್ಷದಲ್ಲಿದ್ದಾಳೆ. ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಇಂಡೊನೇಷ್ಯಾದ ಯೋಗ್ಯಕರ್ತಾಕ್ಕೆ ಒಂದು ಸೆಮಿಸ್ಟರ್ ಹೋಗುವ ಅವಕಾಶ ಬಂದಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ ಎಂದಿದ್ದಾರೆ. ಅಲ್ಲಿನ ಭಾಷೆಯ ಗಂಧಗಾಳಿಯೂ ಇಲ್ಲದೆ ಐದು ತಿಂಗಳು ಇರಲು ಆಗುತ್ತದೆಯೇ? ನಾವು ಸಸ್ಯಾಹಾರಿಗಳು ಬೇರೆ.

ಉತ್ತರ: ತರಗತಿಯ ಒಳಗೆ ಆಗುತ್ತದೆ, ಬಾಗಿಲು ದಾಟಿದ ಮೇಲೆ ಆಗುವುದಿಲ್ಲ. ಹಾಗೆಂದು ಹಿಂಜರಿಯಬೇಕಾಗಿಲ್ಲ. ಹೊರಡುವ ಮೊದಲು ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಕೂತರೆ ನಿತ್ಯದ ವ್ಯವಹಾರಕ್ಕೆ ಸಾಕಾಗುವಷ್ಟು ಭಾಷೆ ನಾಲಿಗೆಗೆ ಬರುತ್ತದೆ. ನಾನು ಏನೂ ಕಲಿಯದೆ ಹೋಗಿ, ಅಲ್ಲಿ ಒದ್ದಾಡಿ ಕಲಿತವನು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ‘ಪಾಠ ಇಂಗ್ಲಿಷಿನಲ್ಲಿ’ ಎಂಬ ಮಾತನ್ನೇ ಬಿಡಿಸಿ ನೋಡಬೇಕು. ಯೋಗ್ಯಕರ್ತಾದಲ್ಲಿ 1949ರಲ್ಲಿ ಶುರುವಾದ ಗಜ ಮದ ವಿಶ್ವವಿದ್ಯಾಲಯವಿರಲಿ, ಜಕಾರ್ತಾದ ಪಕ್ಕದ ದೆಪೊಕ್‌ನಲ್ಲಿರುವ ಇಂಡೊನೇಷ್ಯಾ ವಿಶ್ವವಿದ್ಯಾಲಯವಿರಲಿ, ಕೆಲವು ವಿಭಾಗಗಳು ಮಾತ್ರ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ತರಗತಿಗಳನ್ನು ನಡೆಸುತ್ತವೆ. ಉಳಿದ ಪಾಠಗಳು ದೇಶದ ಭಾಷೆಯಲ್ಲೇ. ಅಲ್ಲಿ ಆಗಸ್ಟಿನಲ್ಲಿ ಶುರುವಾಗುವುದು ಬೆಸ ಸೆಮಿಸ್ಟರ್, ಫೆಬ್ರುವರಿಯಲ್ಲಿ ಶುರುವಾಗುವುದು ಸಮ ಸೆಮಿಸ್ಟರ್. ಒಂದರಲ್ಲಿ ಇರುವ ವಿಷಯ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಆದ್ದರಿಂದ ಮಗಳು ಆರಿಸಿಕೊಂಡ ಒಂದೊಂದು ವಿಷಯದ ಹೆಸರು ಹಿಡಿದು, ಇದು ಈ ಸೆಮಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಇದೆಯೇ ಎಂದು ಕೇಳಿ ಇಮೇಲಿನಲ್ಲಿ ಬರೆಸಿಕೊಳ್ಳಿ. ವಿಷಯಗಳನ್ನು ನೋಂದಾಯಿಸುವ ಪಟ್ಟಿಗೆ ಅಲ್ಲಿ ಕೆಆರ್‌ಎಸ್ ಎನ್ನುತ್ತಾರೆ. ಮೈಸೂರಿನ ಕಡೆಯವರಿಗೆ ಅಣೆಕಟ್ಟು ನೆನಪಾಗಿ ನಗು ಬರಬಹುದು, ಆದರೆ ಅದನ್ನು ತುಂಬುವ ಗಡುವು ತಪ್ಪಿದರೆ ನಗುವ ವಿಷಯವಲ್ಲ.

ಇಂಗ್ಲಿಷ್ ತರಗತಿಯಲ್ಲೂ ಎಲ್ಲವೂ ಇಂಗ್ಲಿಷ್ ಆಗಿರುವುದಿಲ್ಲ. ನಾಲ್ಕೈದು ಜನರ ಗುಂಪು ಮಾಡಿ ಕೆಲಸ ಕೊಡುವುದು ಅಲ್ಲಿನ ರೂಢಿ, ಗುಂಪಿನ ಚರ್ಚೆ ನಡೆಯುವುದು ವಾಟ್ಸ್ಆ್ಯಪ್‌ನಲ್ಲಿ, ಅದು ಇಂಡೊನೇಷ್ಯಾ ಭಾಷೆಯಲ್ಲಿ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಲವತ್ತು ಸಂದೇಶ ಬಂದು ಬಿದ್ದಿದ್ದವು. ಅರ್ಥವಾಗದೆ ಮಲಗಿಬಿಟ್ಟೆ. ನಾಡಿದ್ದು ಇದ್ದ ನಮ್ಮ ಸರದಿ ನಾಳೆಗೇ ಬಂದಿದೆ ಎಂಬುದು ಅದರ ಸಾರ. ‘ಲೂಸಾ’ ಎಂದರೆ ನಾಡಿದ್ದು, ‘ಬೇಸೊಕ್’ ಎಂದರೆ ನಾಳೆ. ಈ ಎರಡು ಪದಗಳನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನು ಭಾಷೆಯ ವಿಷಯ. ಏಳುನೂರಕ್ಕೂ ಹೆಚ್ಚು ಭಾಷೆಗಳಿರುವ ದ್ವೀಪಗಳ ದೇಶ ಅದು. 1928ರ ಅಕ್ಟೋಬರ್ 28ರಂದು, ಇನ್ನೂ ಡಚ್ಚರ ಆಳ್ವಿಕೆ ಇದ್ದಾಗಲೇ, ಯುವಜನರ ಸಮಾವೇಶವೊಂದು ತಮ್ಮ ಐಕ್ಯದ ಭಾಷೆ ಇಂಡೊನೇಷ್ಯಾ ಭಾಷೆ ಎಂದು ಪ್ರತಿಜ್ಞೆ ಮಾಡಿತು. ಅತಿ ಹೆಚ್ಚು ಜನ ಆಡುತ್ತಿದ್ದ ಜಾವಾ ಭಾಷೆಯನ್ನು ಬಿಟ್ಟು, ಬಂದರುಗಳಲ್ಲಿ ವ್ಯಾಪಾರಕ್ಕೆ ಬಳಕೆಯಾಗುತ್ತಿದ್ದ ಮಲಯ ಭಾಷೆಯನ್ನು ಇದಕ್ಕೆ ಬುನಾದಿಯಾಗಿ ತೆಗೆದುಕೊಂಡರು. (ನಮ್ಮಲ್ಲಿ ಇಂಥದ್ದು ಏಕೆ ಕೂಡಿಬರಲಿಲ್ಲ ಎಂಬುದು ಬೇರೆಯೇ ಜಗಳ, ಅದನ್ನು ಇಲ್ಲಿ ತೆಗೆಯುವುದಿಲ್ಲ.) ಇದರಿಂದ ಹೊರಗಿನಿಂದ ಬಂದವರಿಗೆ ಒಂದು ಲಾಭವಿದೆ. ಯೋಗ್ಯಕರ್ತಾದವರ ಮನೆಮಾತು ಜಾವಾ ಭಾಷೆ. ಇಂಡೊನೇಷ್ಯಾ ಭಾಷೆಯನ್ನು ಅವರಲ್ಲಿ ಬಹಳಷ್ಟು ಮಂದಿ ಶಾಲೆಗೆ ಸೇರಿದ ಮೇಲೆ ಕಲಿತದ್ದು. ಹಾಗಾಗಿ ನಿಮ್ಮ ತಪ್ಪುಗಳಿಗೆ ಹುಬ್ಬೇರಿಸುವವರು ಕಡಿಮೆ, ತಿದ್ದಿ ಹೇಳಿಕೊಡುವವರು ಹೆಚ್ಚು.

ಲಿಪಿ ರೋಮನ್, ಬರೆದಂತೆ ಓದುವುದು. ಕ್ರಿಯಾಪದಕ್ಕೆ ಕಾಲವಿಲ್ಲ, ಲಿಂಗವಿಲ್ಲ, ವಚನವಿಲ್ಲ. ‘ಮಾಕಾನ್’ ಎಂದರೆ ಊಟ ಮಾಡು. ಆಗಿದೆ ಎನ್ನಲು ಮುಂದೆ ‘ಸುದಾಹ್’ ಸೇರಿಸಿದರೆ ಮುಗಿಯಿತು. ಬಹುವಚನಕ್ಕೆ ಪದವನ್ನೇ ಎರಡು ಸಲ ಹೇಳುತ್ತಾರೆ: ‘ಬುಕು’ ಪುಸ್ತಕ, ‘ಬುಕು-ಬುಕು’ ಪುಸ್ತಕಗಳು. ‘ಜಾಲಾನ್’ ಎಂದರೆ ದಾರಿ, ‘ಜಾಲಾನ್-ಜಾಲಾನ್’ ಎಂದರೆ ಸುಮ್ಮನೆ ಸುತ್ತಾಟ.

ಸಂಸ್ಕೃತದ ಪದಗಳು ಬಹಳ ಇವೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅವನ್ನು ನಂಬಿ ಕೂರಬೇಡಿ. ‘ಚಿಂತಾ’ ಎಂದರೆ ಅಲ್ಲಿ ಪ್ರೀತಿ, ಚಿಂತೆಯಲ್ಲ. ‘ನೆಗಾರಾ’ ಎಂದರೆ ದೇಶ; ನಗರಕ್ಕೆ ‘ಕೋತಾ’ ಎನ್ನುತ್ತಾರೆ, ಅದು ನಮ್ಮ ಕೋಟೆಯ ನೆಂಟ. ‘ಆಸ್ರಾಮಾ’ ಎಂದರೆ ವಿದ್ಯಾರ್ಥಿನಿಲಯ. ವಿಶುದ್ಧ ಎಂಬುದರಿಂದ ಬಂದ ‘ವಿಸುದಾ’ ಎಂದರೆ ಘಟಿಕೋತ್ಸವ. ನನಗೆ ಹೆಚ್ಚು ಒದಗಿದ್ದು ಸಂಸ್ಕೃತಕ್ಕಿಂತ ಕೋಣೆಯೊಳಗಿನ ಸಾಮಾನುಗಳು: ಮೇಜು ‘ಮೇಜಾ’, ಕುರ್ಚಿ ‘ಕುರ್ಸಿ’, ಸಾಬೂನು ‘ಸಾಬುನ್’, ಅಲಮಾರು ‘ಲೆಮಾರಿ’. ಅರಬರೋ ಪೋರ್ಚುಗೀಸರೋ ಹಡಗಿನಲ್ಲಿ ತಂದು ಎರಡೂ ಕಡೆ ಇಳಿಸಿ ಹೋದ ಪದಗಳಿವು. ‘ಆಪಾ ಕಾಬಾರ್?’ ಎಂದು ಕ್ಷೇಮ ವಿಚಾರಿಸುತ್ತಾರೆ. ಏನು ಖಬರು ಎಂದು ಕೇಳುವ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಷ್ಟ ಬರುವುದು ಪದದ ಮುಂದೆ ಹಿಂದೆ ಅಂಟುವ ತುಂಡುಗಳಲ್ಲಿ. ‘ಆಜಾರ್’ ಎಂಬ ಧಾತುವಿನಿಂದ ‘ಬೆಲಾಜಾರ್’ ಕಲಿ, ‘ಮೆಂಗಾಜಾರ್’ ಕಲಿಸು, ‘ಪೆಲಾಜಾರ್’ ವಿದ್ಯಾರ್ಥಿ, ‘ಪೆಲಾಜಾರಾನ್’ ಪಾಠ. ಹಳೆಯ ಪದ್ಧತಿಯ ನಿಘಂಟಿನಲ್ಲಿ ಇವೆಲ್ಲವನ್ನೂ ಧಾತುವಿನ ಕೆಳಗೇ ಹುಡುಕಬೇಕು. ಇನ್ನೊಂದು ತೊಡಕು ‘ನಾವು’ ಎಂಬ ಪದ. ಎದುರಿಗಿರುವವರನ್ನೂ ಸೇರಿಸಿಕೊಂಡರೆ ‘ಕಿತಾ’, ಅವರನ್ನು ಬಿಟ್ಟರೆ ‘ಕಾಮಿ’. ತುಳು ಮನೆಮಾತಿನವರಿಗೆ ನಮ, ಎಂಕುಲು ಎಂಬ ವ್ಯತ್ಯಾಸ ಹುಟ್ಟಿನಿಂದಲೇ ಗೊತ್ತು. ನನ್ನಂಥವರು ‘ಕಿತಾ ಊಟಕ್ಕೆ ಹೋಗುತ್ತಿದ್ದೇವೆ’ ಎಂದುಬಿಟ್ಟು, ಕರೆಯದವರನ್ನೂ ಕರೆದಂತಾಗಿ ಬಿಲ್ಲು ಕೊಟ್ಟಿದ್ದೂ ಉಂಟು.

ಸಸ್ಯಾಹಾರದ ಪ್ರಶ್ನೆಗೂ ಉತ್ತರ ಭಾಷೆಯಲ್ಲೇ ಇದೆ. ‘ದಾಗಿಂಗ್’ ಎಂದರೆ ಮಾಂಸ ಎಂದು ನಿಘಂಟು ಹೇಳುತ್ತದೆ. ಅದನ್ನು ನಂಬಿ ಮೊದಲ ವಾರ ಒಂದು ‘ವಾರುಂಗ್’ನಲ್ಲಿ, ಅಂದರೆ ಬೀದಿಬದಿಯ ಸಣ್ಣ ಊಟದಂಗಡಿಯಲ್ಲಿ, ದಾಗಿಂಗ್ ತಿನ್ನುವುದಿಲ್ಲ ಎಂದು ಹೇಳಿದೆ. ಬಡಿಸುವ ಹೆಂಗಸು ಅರ್ಥವಾಯಿತೆಂದು ತಲೆಯಾಡಿಸಿ, ಅನ್ನದ ಮೇಲೆ ಕೋಳಿಯ ತುಂಡೊಂದನ್ನು ಪ್ರೀತಿಯಿಂದಲೇ ಇಟ್ಟರು. ಬೀದಿಯ ಮಾತಿನಲ್ಲಿ ದಾಗಿಂಗ್ ಎಂದರೆ ಹೆಚ್ಚಾಗಿ ದನದ ಮಾಂಸ. ಕೋಳಿ ‘ಆಯಾಮ್’, ಮೀನು ‘ಇಕಾನ್’, ಸೀಗಡಿ ‘ಉದಾಂಗ್’, ಮೊಟ್ಟೆ ‘ತೆಲುರ್’. ಒಂದೊಂದನ್ನೂ ಹೆಸರಿಸಿ ಬೇಡ ಎನ್ನಬೇಕು. ಜೊತೆಗೆ ‘ತಾನ್ಪಾ ತೆರಾಸಿ’ ಎನ್ನಬೇಕು. ತೆರಾಸಿ ಎಂದರೆ ಹುಳಿಬರಿಸಿದ ಸೀಗಡಿಯ ಅರೆಪು. ಸಾಂಬಾಲ್ ಚಟ್ನಿಯಲ್ಲಿ, ತರಕಾರಿಯ ಸಾರಿನಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿರುತ್ತದೆ, ಮೂಗಿಗೆ ಮಾತ್ರ ಗೊತ್ತಾಗುತ್ತದೆ.

ಹಾಗೆಂದು ಹಸಿದಿರಬೇಕಾಗಿಲ್ಲ. ಸೋಯಾ ಕಾಳನ್ನು ಬೂಷ್ಟು ಕಟ್ಟಿಸಿ ಗಟ್ಟಿ ಮಾಡುವ ತೆಂಪೆ ಹುಟ್ಟಿದ್ದೇ ಜಾವಾದಲ್ಲಿ, ಪ್ರತಿ ಬೀದಿಯಲ್ಲೂ ಸಿಗುತ್ತದೆ. ಬೇಯಿಸಿದ ಸೊಪ್ಪು ತರಕಾರಿಗೆ ಕಡಲೆಕಾಯಿ ಗೊಜ್ಜು ಸುರಿಯುವ ಪೆಚೆಲ್, ಲೋತೆಕ್ ಇವೆ. ಗೊಜ್ಜು ಅರೆಯುವಾಗ ಪಕ್ಕದಲ್ಲೇ ನಿಂತು ತೆರಾಸಿ ಬೇಡ ಎಂದರಾಯಿತು. ಊರಿನ ಹೆಮ್ಮೆಯೆಂದರೆ ಗುದೆಗ್: ಎಳೆ ಹಲಸಿನಕಾಯಿಯನ್ನು ತೆಂಗಿನಹಾಲು, ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿದ ಪಲ್ಯ. ಉಡುಪಿಯ ಸಾಂಬಾರು ಸಿಹಿ ಎಂದು ದೂರುವವರು ಇದನ್ನೊಮ್ಮೆ ತಿನ್ನಬೇಕು. ಆದರೆ ಅದರ ಜೊತೆ ತಟ್ಟೆಗೆ ಬರುವ ಕೆಂಪಗಿನ ‘ಕ್ರೆಚೆಕ್’ ದನದ ತೊಗಲು. ಮೊದಲೇ ಬೇಡ ಎನ್ನಿ. ತೀರಾ ಕಟ್ಟುನಿಟ್ಟಿನವರಾದರೆ ಒಂದು ಅನ್ನದ ಕುಕ್ಕರ್ ಕೊಂಡು ಅಡುಗೆ ಮಾಡಿಕೊಳ್ಳುವುದೇ ಸರಿ. ಹೆಸರುಕಾಳು, ತೆಂಗಿನಕಾಯಿ, ಹುಣಸೆಹಣ್ಣು, ಅರಿಶಿನ, ಬೆಲ್ಲ ಎಲ್ಲ ಸಂತೆಯಲ್ಲಿ ಸಿಗುತ್ತವೆ, ತೊಗರಿಬೇಳೆ ಸುಲಭಕ್ಕೆ ಸಿಗದು. ಸಂತೆಯಲ್ಲೊಂದು ಸಂತೋಷ ಕಾದಿರುತ್ತದೆ. ಗದ್ದೆಯಲ್ಲಿರುವುದು ‘ಪಾದಿ’, ಅಂಗಡಿಯಲ್ಲಿರುವುದು ‘ಬೆರಾಸ್’, ತಟ್ಟೆಯಲ್ಲಿರುವುದು ‘ನಾಸಿ’. ಭತ್ತ, ಅಕ್ಕಿ, ಅನ್ನ ಎಂದು ಬೇರೆಬೇರೆ ಹೇಳುವ ನಮಗೆ ಇದು ಸಹಜ. ಇಂಗ್ಲಿಷಿನವರು ‘ಪ್ಯಾಡಿ’ಯನ್ನು ಮಲಯ ಭಾಷೆಯಿಂದ ಕಡ ತಂದುಕೊಂಡರು.

ವಾಸಕ್ಕೆ ಹೆಚ್ಚಿನವರು ಹುಡುಕುವುದು ‘ಕೋಸ್’ ಎಂಬ ಬಾಡಿಗೆ ಕೋಣೆಯನ್ನು. ಹೆಣ್ಣುಮಕ್ಕಳಿಗೇ ಮೀಸಲಾದ ‘ಕೋಸ್ ಪುತ್ರಿ’ಗಳು ಧಾರಾಳ ಇವೆ. ತಿಂಗಳ ಬಾಡಿಗೆ ಸೌಕರ್ಯಕ್ಕೆ ತಕ್ಕಂತೆ ಸುಮಾರು 7 ಲಕ್ಷದಿಂದ 20 ಲಕ್ಷ ರುಪಿಯಾ. ಹೌಹಾರಬೇಡಿ, ನಮ್ಮ ಒಂದು ರೂಪಾಯಿಗೆ ಹತ್ತಿರಹತ್ತಿರ 190 ರುಪಿಯಾ ಬರುತ್ತದೆ. ಅಂಗಡಿಯವರು ಸಾವಿರವನ್ನು ನುಂಗಿಬಿಡುತ್ತಾರೆ: ಹದಿನೈದು ಎಂದರೆ 15,000, ಅಂದರೆ ಸುಮಾರು ಎಂಬತ್ತು ರೂಪಾಯಿ.

ಮನೆಯೊಡತಿಯನ್ನು ‘ಇಬು’ ಎನ್ನಬೇಕು, ಅಮ್ಮ ಎಂದಂತೆ. ವಯಸ್ಸಾದ ಗಂಡಸರು ‘ಪಾಕ್’, ಆಟೊ ಬದಲಿಗೆ ಕರೆಸುವ ಬಾಡಿಗೆ ಬೈಕಿನ ಹುಡುಗ ‘ಮಾಸ್’, ಅಂಗಡಿಯ ಹುಡುಗಿ ‘ಎಂಬಾಕ್’. ಅಣ್ಣ, ಅಕ್ಕ ಎಂದು ಕರೆದು ರೂಢಿಯಿರುವ ನಮಗೆ ಇದು ಕಷ್ಟವಲ್ಲ. ಬರಿಯ ಹೆಸರು ಹಿಡಿದು ಕರೆದರೆ ಒರಟಾಗಿ ಕೇಳುತ್ತದೆ. ಇಬು ದಿನಾ ಸಂಜೆ ‘ಸುದಾಹ್ ಮಾಂದಿ?’ ಎಂದು ಕೇಳುತ್ತಿದ್ದರು. ಸ್ನಾನ ಆಯಿತೇ ಎಂದು. ನನ್ನ ಮೈಯ ವಾಸನೆಯ ಬಗ್ಗೆ ಎರಡು ವಾರ ಕೊರಗಿದ ಮೇಲೆ ತಿಳಿಯಿತು, ಅದು ನಮ್ಮ ‘ಊಟ ಆಯಿತೇ?’ ಇದ್ದ ಹಾಗೆ. ಮದುವೆಯಾಗಿದೆಯೇ ಎಂದೂ ಮೊದಲ ಭೇಟಿಯಲ್ಲೇ ಕೇಳುತ್ತಾರೆ. ಅದಕ್ಕೆ ‘ತಿದಾಕ್’ ಎಂದು ಕಡ್ಡಿ ಮುರಿದಂತೆ ಹೇಳಬಾರದು, ‘ಬೆಲುಮ್’, ಇನ್ನೂ ಇಲ್ಲ, ಎನ್ನಬೇಕು.

ಸಮ ಸೆಮಿಸ್ಟರಿಗೆ ಹೋಗುವುದಾದರೆ ಸದ್ಯದ ವರ್ಷಗಳಲ್ಲಿ ರಂಜಾನ್ ಫೆಬ್ರುವರಿ–ಮಾರ್ಚಿನಲ್ಲಿ ಬರುತ್ತದೆ. ಉಪವಾಸಕ್ಕೆ ಅಲ್ಲಿ ‘ಪುವಾಸಾ’ ಎನ್ನುತ್ತಾರೆ, ಪದ ನಮ್ಮದೇ. ಹಗಲಿನಲ್ಲಿ ಹಲವು ವಾರುಂಗ್‌ಗಳು ಮುಚ್ಚಿರುತ್ತವೆ ಅಥವಾ ಪರದೆ ಎಳೆದುಕೊಂಡಿರುತ್ತವೆ. ಹಬ್ಬಕ್ಕೆ ವಿದ್ಯಾರ್ಥಿಗಳು ಊರಿಗೆ ಹೊರಟು ನಗರ ಖಾಲಿಯಾಗುತ್ತದೆ.

ಭಾಷೆ ಎಷ್ಟು ಬಂದರೂ ಕಾಗದಪತ್ರ ಸರಿಯಿಲ್ಲದಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಸಿಗುವ ಪ್ರವಾಸಿ ವೀಸಾ 30 ದಿನದ್ದು, ಒಮ್ಮೆ ಮಾತ್ರ ಇನ್ನೊಂದು 30 ದಿನಕ್ಕೆ ಮುಂದುವರಿಯುತ್ತದೆ. ಅದು ಓದಲು ಅಲ್ಲ. ಅಲ್ಲಿನ ವಿಶ್ವವಿದ್ಯಾಲಯವೇ ಪ್ರಾಯೋಜಕನಾಗಿ ನಿಂತು ‘ಇಜಿನ್ ಬೆಲಾಜಾರ್’ ಎಂಬ ಓದಿನ ಅನುಮತಿ ಮಾಡಿಸಬೇಕು, ಆಮೇಲೆ ವಿದ್ಯಾರ್ಥಿ ವೀಸಾ, ಅದರ ಮೇಲೆ ‘ಕಿತಾಸ್’ ಎಂಬ ವಾಸದ ಪರವಾನಗಿ. ವಾರಗಟ್ಟಲೆ ಹಿಡಿಯುವ ಕೆಲಸ. ಸದ್ಯಕ್ಕೆ ಪ್ರವಾಸಿಯಾಗಿ ಬಂದುಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವೀಸಾ ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ.

ಹಾಗೆಯೇ, ಅಲ್ಲಿ ಓದಿದ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮ ಎಂಬುದನ್ನು ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗದಿಂದ ಹೊರಡುವ ಮೊದಲೇ ಸಹಿ ಹಾಕಿಸಿಕೊಳ್ಳಿ. ಅಲ್ಲಿನ ಕ್ರೆಡಿಟ್‌ನ ಹೆಸರು ‘ಎಸ್‌ಕೆಎಸ್’, ಒಂದು ಎಸ್‌ಕೆಎಸ್ ಎಂದರೆ ವಾರಕ್ಕೆ 50 ನಿಮಿಷದ ಪಾಠ. ಅಂಕದ ಸರಾಸರಿ 4ಕ್ಕೆ, ನಮ್ಮಂತೆ 10ಕ್ಕೆ ಅಲ್ಲ. ಬಹಳ ಚೆನ್ನಾಗಿ ಓದಿ 3.6 ಪಡೆದು ಬಂದವರೊಬ್ಬರಿಗೆ ಇಲ್ಲಿನ ಗುಮಾಸ್ತರು ಹತ್ತಕ್ಕೆ 3.6 ಎಂದು ನಮೂದಿಸಿ ಅನುತ್ತೀರ್ಣ ಮಾಡಿದ್ದನ್ನು ಕಂಡಿದ್ದೇನೆ. ಸರಿಪಡಿಸಲು ಒಂದು ಸೆಮಿಸ್ಟರ್ ಹಿಡಿಯಿತು.

ಕೇಳದಿದ್ದರೂ ನಿಮ್ಮ ಮನಸ್ಸಿನಲ್ಲಿರುವ ಭಯಕ್ಕೆ ಎರಡು ಮಾತು. ನಗರದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಮೆರಾಪಿ ಜ್ವಾಲಾಮುಖಿ ಇದೆ. 2010ರಲ್ಲಿ ಅದು ಸಿಡಿದಾಗ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2020ರ ನವೆಂಬರಿನಲ್ಲಿ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ಮೂರನೆಯದಕ್ಕೆ ಏರಿಸಿದರು. ನಗರದ ಬದುಕು ತನ್ನ ಪಾಡಿಗೆ ನಡೆಯುತ್ತದೆ. ಬೆಟ್ಟದ ಬದಿಯಲ್ಲಿ ‘ಬಾಹಾಯಾ’ ಎಂಬ ಫಲಕ ಕಂಡರೆ ಮಾತ್ರ ಮುಂದೆ ಹೋಗಬಾರದು. ಪದ ನಮ್ಮ ಭಯವೇ, ಅರ್ಥ ಅಪಾಯ. ಡೆಂಗಿಯ ವಿಷಯದಲ್ಲಿ ಈ ಊರಿಗೆ ಒಳ್ಳೆಯ ಹೆಸರಿದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿದ ಸೊಳ್ಳೆಗಳನ್ನು ಬಿಟ್ಟು ನಡೆಸಿದ ಪ್ರಯೋಗದಲ್ಲಿ ಆ ಪ್ರದೇಶಗಳ ಡೆಂಗಿ ಪ್ರಕರಣಗಳು ಶೇ 77ರಷ್ಟು ತಗ್ಗಿದವು, ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನನಗೆ ಇವೆರಡಕ್ಕಿಂತ ಹೆಚ್ಚು ಹೆದರಿಕೆ ಬಾಡಿಗೆ ಸ್ಕೂಟರಿನದು. ಅಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದರಿಂದ ನಮ್ಮ ಮಕ್ಕಳು ಮೊದಲ ದಿನವೇ ಹತ್ತಿಬಿಡುತ್ತಾರೆ. ಅಲ್ಲಿ ಮಾನ್ಯವಾದ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಕೈ ಆಡಿಸಿಬಿಡುತ್ತಾರೆ.

ಕೊನೆಗೊಂದು ಸಣ್ಣ ಲೆಕ್ಕ. ಯೋಗ್ಯಕರ್ತಾದ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ನೀವು ಊಟ ಮುಗಿಸಿ ರಾತ್ರಿ ಎಂಟೂವರೆಗೆ ಮಗಳಿಗೆ ಫೋನ್ ಮಾಡಿದರೆ ಅಲ್ಲಿ ಹತ್ತು ಗಂಟೆ, ಎಷ್ಟೋ ಕೋಸ್‌ಗಳಲ್ಲಿ ಇಬು ಗೇಟಿಗೆ ಬೀಗ ಹಾಕುವ ಹೊತ್ತು.